ಕೊರಳಿನ ಸರ ಯಾರದ್ದು?

ಒಡವೆ ಅಂದರೆ ಹಾಕಿಕೊಂಡವರ ಸ್ವತ್ತು ಅಂತ ನಾವು ತಿಳಿದಿದ್ದೇವೆ. ಚೀನಾ ದೇಶವನ್ನು 1644ರಿಂದ 1912ರವರೆಗೆ ಆಳಿದ ಚಿಂಗ್ ಅರಸರ ದರ್ಬಾರನ್ನು ನೋಡಿದರೆ ಇದು ಅಷ್ಟು ಸಲೀಸಾದ ಮಾತಲ್ಲ.

ಅಲ್ಲಿ ಚಕ್ರವರ್ತಿಯಿಂದ ಹಿಡಿದು ದೊಡ್ಡ ಅಧಿಕಾರಿಗಳವರೆಗೆ ದರ್ಬಾರಿಗೆ ಬರುವಾಗ 108 ಮಣಿಗಳ ಉದ್ದನೆಯ ಸರ ಹಾಕಿಕೊಳ್ಳಬೇಕಿತ್ತು. 108 ಅಂದ ಕೂಡಲೇ ಜಪಮಾಲೆ ನೆನಪಾಯಿತಲ್ಲವೇ? ಸರಿಯೇ, ಬೌದ್ಧರ ಜಪಮಾಲೆಯೇ ಅಲ್ಲಿ ದರ್ಬಾರಿನ ಸರವಾಯಿತು. ನಡುನಡುವೆ ನಾಲ್ಕು ದಪ್ಪ ಮಣಿಗಳು, ನಾಲ್ಕು ಋತುಗಳ ಗುರುತಿಗೆ. ಪಕ್ಕದಲ್ಲಿ ಮೂರು ಕಿರುಸರಗಳು: ಗಂಡಸರಿಗೆ ಎಡಕ್ಕೆ ಎರಡು, ಬಲಕ್ಕೆ ಒಂದು, ಹೆಂಗಸರಿಗೆ ಅದಲುಬದಲು. ಬೆನ್ನ ಮೇಲೆ ಇಳಿಬಿಟ್ಟ ಪದಕ ಬೇರೆ.

ಚಕ್ರವರ್ತಿಯಾದರೂ ಮನಸ್ಸಿಗೆ ಬಂದದ್ದು ಹಾಕಬಹುದಿತ್ತೇ? ಅದೂ ಇಲ್ಲ. ಆಕಾಶದ ಪೂಜೆಗೆ ಕಡುನೀಲಿ ಕಲ್ಲಿನ ಸರ, ಭೂಮಿಯ ಪೂಜೆಗೆ ಹಳದಿ ಅಂಬರಿನದು, ಸೂರ್ಯನಿಗೆ ಕೆಂಪು ಹವಳ, ಚಂದ್ರನಿಗೆ ತಿಳಿನೀಲಿ ಫಿರೋಜಾ. 1759ರಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿ ಇಂಥ ಕಟ್ಟಳೆಗಳನ್ನೆಲ್ಲ ಚಿತ್ರಸಮೇತ ಬರೆಸಿಟ್ಟ. ಇದರಲ್ಲೊಂದು ಒಳ್ಳೆಯ ವಿಚಾರ ಇದೆ ಅಂತ ನನಗೆ ಅನಿಸುತ್ತದೆ. ಮರ್ಯಾದೆ ಆ ಮನುಷ್ಯನದಲ್ಲ, ಅವನು ಹೊತ್ತ ಕೆಲಸದ್ದು. ಕೆಲಸ ಬದಲಾದರೆ ಸರವೂ ಬದಲು.

ಆದರೆ ಕಟ್ಟಳೆ ಮಾಡುವವನೂ ಅವನೇ ತಾನೇ! ಮಂಚೂರಿಯಾದ ಹೊಳೆಗಳಲ್ಲಿ ಸಿಗುವ ಮುತ್ತಿನ ಸರ ಚಕ್ರವರ್ತಿ, ರಾಜಮಾತೆ, ಪಟ್ಟದರಸಿ, ಈ ಮೂವರಿಗೆ ಮಾತ್ರ ಅಂತ ಇಟ್ಟುಕೊಂಡರು. ಚಿಯೆನ್‌ಲುಂಗನ ನೆಚ್ಚಿನ ಮಂತ್ರಿ ಹೆಶೆನ್ ಲಂಚದಿಂದ ಕೊಬ್ಬಿದವನು. 1799ರಲ್ಲಿ ಮುದಿ ಚಕ್ರವರ್ತಿ ತೀರಿಕೊಂಡ ಕೆಲವೇ ದಿನಕ್ಕೆ ಮಗ ಜಿಯಾಚಿಂಗ್ ಅವನನ್ನು ಹಿಡಿಸಿದ. ಹೊರಿಸಿದ 20 ಅಪರಾಧಗಳಲ್ಲಿ ಒಂದು ಹೀಗಿತ್ತು: ಅವನ ಮನೆಯಲ್ಲಿ ಮುತ್ತಿನ ಕೈಸರಗಳು 200ಕ್ಕೂ ಹೆಚ್ಚು, ಅರಮನೆಯಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು, ಚಕ್ರವರ್ತಿಯ ಕಿರೀಟದ ಮುತ್ತಿಗಿಂತ ದೊಡ್ಡ ಮುತ್ತೂ ಇದೆ! ಅವನಿಗೆ ರೇಷ್ಮೆ ಹಗ್ಗ ಕಳಿಸಿದರು, ನೇಣು ಹಾಕಿಕೊಂಡ. ಲಂಚ ತಿಂದದ್ದು ತಪ್ಪು, ಒಪ್ಪೋಣ. ಮುತ್ತು ದೊಡ್ಡದಾಗಿದ್ದೂ ತಪ್ಪೇ? ಕೆಲಸದ ಮರ್ಯಾದೆ ಅಂತ ಶುರುವಾದದ್ದು ಇಲ್ಲಿಗೆ ಬರುವಾಗ ನನಗಿಂತ ನಿನ್ನದು ದೊಡ್ಡದೇ ಎಂಬ ಹೊಟ್ಟೆಕಿಚ್ಚಾಗಿತ್ತು.

ಇನ್ನು ಆ ಮುತ್ತು ತೆಗೆದವರ ಮಾತು ಯಾರೂ ಎತ್ತುವುದಿಲ್ಲ. ಕೊರೆಯುವ ನೀರಿಗಿಳಿದು ಚಿಪ್ಪು ಹೆಕ್ಕುವುದಕ್ಕೇ ಅರಮನೆಯ ಆಳುಗಳಿದ್ದರು. ರಾಶಿ ಚಿಪ್ಪು ಒಡೆದರೂ ಒಳ್ಳೆಯ ಮುತ್ತು ಸಿಗುವುದು ಅಪರೂಪ. ಸಿಕ್ಕಿದ್ದನ್ನು ತಾವು ಇಟ್ಟುಕೊಳ್ಳುವ ಹಾಗೂ ಇಲ್ಲ. ಕೊನೆಗೆ ಹೊಳೆಗಳಲ್ಲಿ ಚಿಪ್ಪೇ ವಿರಳವಾಗಿ, ಅರಮನೆಯವರೇ ಕೆಲಕಾಲ ಆ ಕೆಲಸ ನಿಲ್ಲಿಸಬೇಕಾಯಿತು.