ಏಳು ದಿನದ ಶುದ್ಧಿಯೋ, ಅನುದಿನದ ಅನ್ನವೋ?



ತಪಸ್ಸುಕಾಲ ಹತ್ತಿರ ಬಂದಂತೆ ಜನರು ಗುರುಗಳ ಬಳಿ ಕೇಳುವ ಪ್ರಶ್ನೆಗಳಿಗೆ ಈಚೆಗೆ ಹೊಸದೊಂದು ಸೇರಿಕೊಂಡಿದೆ. "ಫಾದರ್, ಈ ಸಲ ಒಂದು ವಾರ ಡಿಟಾಕ್ಸ್ ಡಯಟ್ ಮಾಡೋಣ ಅಂತಿದ್ದೇನೆ. ಬರೀ ಹಣ್ಣು ತರಕಾರಿ ಜ್ಯೂಸು. ಉಪವಾಸವೂ ಆಯಿತು, ದೇಹದ ವಿಷವೂ ಹೋಯಿತು. ಆಗಬಹುದಲ್ಲವೇ?" ಕೇಳುವವರ ಮನಸ್ಸಿನಲ್ಲಿ ಭಕ್ತಿಯಿದೆ, ಆದ್ದರಿಂದ ನಕ್ಕು ಸುಮ್ಮನಾಗುವಂತಿಲ್ಲ. ಇಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಇಂಥ ಡಯಟ್‌ನಿಂದ ದೇಹ ಶುದ್ಧಿಯಾಗುತ್ತದೆಯೇ? ಅದು ಉಪವಾಸವಾಗುತ್ತದೆಯೇ? ಒಂದೊಂದಾಗಿ ನೋಡೋಣ.

ಡಿಟಾಕ್ಸ್ ಎಂದರೆ ವಿಷ ತೆಗೆಯುವುದು. ಯಾವ ವಿಷ ಎಂದು ಕೇಳಿದರೆ ಮಾರುವವರಿಂದ ಸ್ಪಷ್ಟ ಉತ್ತರ ಸಿಗುವುದು ಅಪರೂಪ. ಈ ಪದ್ಧತಿ ತೀರಾ ಹೊಸದೂ ಅಲ್ಲ. 1940ರ ದಶಕದಲ್ಲೇ ಅಮೆರಿಕದ ಸ್ಟ್ಯಾನ್ಲಿ ಬರೋಸ್ ಎಂಬವರು ನಿಂಬೆರಸ, ಮೇಪಲ್ ಮರದ ಸಿಹಿಪಾಕ, ಖಾರದಪುಡಿ ಬೆರೆಸಿದ ನೀರು ಕುಡಿದುಕೊಂಡೇ ಹತ್ತು ದಿನ ಇರುವ ಕ್ರಮವನ್ನು ಪ್ರಚಾರ ಮಾಡಿದ್ದರು. ಅಂದಿನಿಂದ ಹೆಸರು, ಬಣ್ಣ, ಬೆಲೆ ಬದಲಾಗುತ್ತಾ ಬಂದಿವೆ. 2015ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ವಿಮರ್ಶೆಯಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಈ ಕುರಿತ ಅಧ್ಯಯನಗಳನ್ನೆಲ್ಲ ಹುಡುಕಿ ನೋಡಿದರು. ಮಾರಾಟದಲ್ಲಿರುವ ಡಿಟಾಕ್ಸ್ ಡಯಟ್‌ಗಳನ್ನು ಮನುಷ್ಯರ ಮೇಲೆ ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದ ಒಂದು ಅಧ್ಯಯನವೂ ಅವರಿಗೆ ಸಿಗಲಿಲ್ಲ.

ಹಾಗಾದರೆ ದೇಹವನ್ನು ಶುದ್ಧವಾಗಿಡುವವರು ಯಾರು? ಸೃಷ್ಟಿಕರ್ತರು ಆ ಕೆಲಸವನ್ನು ಮೊದಲೇ ಹಂಚಿಕೊಟ್ಟಿದ್ದಾರೆ. ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಬೇಕಾದದ್ದನ್ನು ರಕ್ತಕ್ಕೆ ಹಿಂದಿರುಗಿಸಿ, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಹೊರಗೆ ಕಳುಹಿಸುತ್ತವೆ. ಯಕೃತ್ತು ಅಮೋನಿಯದಂಥ ವಿಷವನ್ನು ಯೂರಿಯ ಮಾಡಿ ಮೂತ್ರಪಿಂಡಕ್ಕೆ ಒಪ್ಪಿಸುತ್ತದೆ. ನಾವು ನಿದ್ರಿಸುವಾಗಲೂ ಈ ಸೇವೆ ನಿಲ್ಲುವುದಿಲ್ಲ. ಜ್ಯೂಸು ಕುಡಿದ ವಾರದಲ್ಲಿ ತೂಕ ಇಳಿಯುವುದು ನಿಜ. ಮೊದಲ ದಿನಗಳಲ್ಲಿ ಇಳಿಯುವುದು ಹೆಚ್ಚಾಗಿ ನೀರಿನ ತೂಕ. ಊಟಕ್ಕೆ ಮರಳಿದೊಡನೆ ಅದೂ ಮರಳುತ್ತದೆ.

ಲಾಭವಿಲ್ಲದಿದ್ದರೆ ಹೋಗಲಿ, ನಷ್ಟವೇನು ಎನ್ನುವಿರಾ? ಕರಾವಳಿಯ ಹಿತ್ತಿಲುಗಳಲ್ಲಿ ಬೆಳೆಯುವ ಬಿಂಬುಳಿಯನ್ನು ಸಾರಿಗೆ ಒಂದೆರಡು ಹಾಕುವುದುಂಟು. ಕೊಲೆಸ್ಟರಾಲ್ ಇಳಿಯಲೆಂದು ಅದರ ಗಟ್ಟಿ ರಸ ಕುಡಿದ ಕೇರಳದ ಹಲವರ ಮೂತ್ರಪಿಂಡ ಕೆಟ್ಟ ಪ್ರಕರಣಗಳು 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದವು. ಕಹಿಯಾದ ಸೋರೆಕಾಯಿಯ ರಸದಿಂದ ಪ್ರಾಣವೇ ಹೋದದ್ದುಂಟು. ರಸ ಕಹಿಯಿದ್ದರೆ ಕುಡಿಯಲೇಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ ತಜ್ಞರ ಸಮಿತಿ ಎಚ್ಚರಿಸಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಏಕಾಏಕಿ ಕುಸಿಯಬಹುದು. ಮಾತ್ರೆಯನ್ನೇ ಬಿಟ್ಟರೆ ಇನ್ನೊಂದು ಅಪಾಯ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ದಯವಿಟ್ಟು ಈ ವಿಷಯ ಅವರೊಂದಿಗೆ ಮಾತನಾಡಿರಿ. ವೈದ್ಯರನ್ನು ಕೇಳದೆ ಯಾವ ಡಯಟ್ಟೂ ಬೇಡ.

ಇನ್ನು ಎರಡನೆಯ ಪ್ರಶ್ನೆ. ಆಹಾರದಿಂದಲೇ ಶುದ್ಧಿ, ಆಹಾರದಿಂದಲೇ ಮೈಲಿಗೆ ಎಂಬ ಯೋಚನೆ ಧರ್ಮಸಭೆಗೆ ಹೊಸದಲ್ಲ. ಸಂತ ಅಗಸ್ಟೀನರು ಯೌವನದಲ್ಲಿ ಮಾನಿಕೇಯರ ಪಂಥದಲ್ಲಿದ್ದರು. ಕೆಲವು ಹಣ್ಣು ತರಕಾರಿಗಳಲ್ಲಿ ಬೆಳಕಿನ ಕಣಗಳು ಹೆಚ್ಚಾಗಿವೆ, ಮಾಂಸ ಕತ್ತಲಿಗೆ ಸೇರಿದ್ದು ಎಂಬುದು ಆ ಪಂಥದ ನಂಬಿಕೆ. ಅಗಸ್ಟೀನರು ಅದನ್ನು ತೊರೆದು ಬಂದರು. ಸೃಷ್ಟಿಯೆಲ್ಲ ಒಳ್ಳೆಯದೆಂಬುದು ನಮ್ಮ ವಿಶ್ವಾಸ. ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯವನ್ನು ಓದಿರಿ. ಹೊರಗಿನಿಂದ ಹೊಟ್ಟೆಗೆ ಹೋಗುವುದು ಮನುಷ್ಯನನ್ನು ಕೆಡಿಸುವುದಿಲ್ಲ, ಹೃದಯದಿಂದ ಹೊರಡುವ ಕೆಡುಕೇ ಅವನನ್ನು ಕೆಡಿಸುತ್ತದೆ ಎಂದು ಪ್ರಭು ಅಲ್ಲಿ ತಿಳಿಸುತ್ತಾರೆ. ಅಸೂಯೆ, ಅಹಂಕಾರ, ದುರಾಶೆ ಎಂಬ ವಿಷಗಳಿಗೆ ಯಾವ ಜ್ಯೂಸಿನಲ್ಲೂ ಮದ್ದಿಲ್ಲ.

ಧರ್ಮಸಭೆಯ ಉಪವಾಸದ ನಿಯಮವೂ ದೇಹವನ್ನು ದಂಡಿಸುವಂಥದ್ದಲ್ಲ. ವಿಭೂತಿ ಬುಧವಾರ ಮತ್ತು ಶುಭಶುಕ್ರವಾರಗಳಂದು, 18 ತುಂಬಿದವರಿಂದ ಹಿಡಿದು 60ಕ್ಕೆ ಕಾಲಿಡುವವರೆಗಿನವರು ಒಂದು ಪೂರ್ಣ ಊಟ ಮಾಡಿ, ಉಳಿದ ಎರಡು ಹೊತ್ತು ಸ್ವಲ್ಪವೇ ಸೇವಿಸುವುದು ವಾಡಿಕೆ. ರೋಗಿಗಳಿಗೂ ಗರ್ಭಿಣಿಯರಿಗೂ ಅದರಿಂದ ವಿನಾಯಿತಿ ಉಂಟು. ಉಳಿಸಿದ ಅನ್ನ ಎಲ್ಲಿಗೆ ಹೋಗಬೇಕು? ಹಸಿದವನ ತಟ್ಟೆಗೆ ಎನ್ನುತ್ತಾರೆ ಪ್ರವಾದಿ ಯೆಶಾಯ, ತಮ್ಮ ಗ್ರಂಥದ 58ನೆಯ ಅಧ್ಯಾಯದಲ್ಲಿ. ಡಿಟಾಕ್ಸ್ ಮಾಡುವವನು ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳುತ್ತಾನೆ; ಉಪವಾಸ ಮಾಡುವವನು ನೆರೆಯವನತ್ತ ನೋಡುತ್ತಾನೆ. ಆದ್ದರಿಂದ ಒಂದನ್ನು ಇನ್ನೊಂದರ ಲೆಕ್ಕಕ್ಕೆ ಹಾಕುವಂತಿಲ್ಲ.

ಹಾಗಾದರೆ ನಮ್ಮ ಪಾಲಿನ ಕರ್ತವ್ಯವೇನು? ಮರುಭೂಮಿಯಲ್ಲಿ ಇಸ್ರಯೇಲರಿಗೆ ದೊರೆತ ಮನ್ನವನ್ನು ನೆನೆಯಿರಿ. ಅಂದಂದಿಗೆ ಬೇಕಾದಷ್ಟನ್ನು ಅಂದಂದೇ ಕೂಡಿಸಿಕೊಳ್ಳಬೇಕಿತ್ತು. ಸಬ್ಬತ್ತಿನ ಪಾಲೊಂದನ್ನು ಬಿಟ್ಟು, ನಾಳೆಗೆಂದು ಕೂಡಿಟ್ಟದ್ದು ಹುಳ ಬಿದ್ದು ನಾರಿತು. ಆರೋಗ್ಯವೂ ಹಾಗೆಯೇ. ವರ್ಷವಿಡೀ ಹೇಗೋ ತಿಂದು, ಏಳು ದಿನದಲ್ಲಿ ಆರೋಗ್ಯವನ್ನು ಕೂಡಿಡಲಾಗದು. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಬೇಡುವುದೂ ಅನುದಿನದ ಆಹಾರವನ್ನೇ. ಐದನೆಯ ಶತಮಾನದ ಆರಂಭದಲ್ಲಿ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಅನುಭವವನ್ನು ಬರೆದಿಟ್ಟರು. ಹಲವು ದಿನ ಕಠಿಣವಾಗಿ ಉಪವಾಸವಿದ್ದು ಆಮೇಲೆ ಹೊಟ್ಟೆಬಿರಿಯ ಉಣ್ಣುವುದಕ್ಕಿಂತ, ದಿನದಿನವೂ ಮಿತವಾಗಿ ಉಣ್ಣುವುದೇ ಮೇಲು ಎಂಬುದು ಆ ಹಿರಿಯರ ತೀರ್ಮಾನ. ಸಂತ ಬೆನೆದಿಕ್ತರೂ ತಮ್ಮ ಮಠದ ಊಟಕ್ಕೆ ಬೇಯಿಸಿದ ಎರಡು ಪದಾರ್ಥಗಳನ್ನು ಗೊತ್ತುಮಾಡಿ, ಹಣ್ಣೋ ಎಳೆ ತರಕಾರಿಯೋ ಸಿಕ್ಕರೆ ಮೂರನೆಯದಾಗಿ ಸೇರಿಸಿರಿ ಎಂದರು.

ಇಂದಿನ ವಿಜ್ಞಾನ ಹೇಳುವುದೂ ಇದಕ್ಕೆ ದೂರವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, 2000 ಕ್ಯಾಲೊರಿ ಬೇಕಾದ ವ್ಯಕ್ತಿಗೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು, ಜೊತೆಗೆ ಹಾಲು ಮತ್ತು ಸ್ವಲ್ಪ ಎಣ್ಣೆಬೀಜ ಸಾಕು. ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಇದಕ್ಕಾಗಿ ಡಬ್ಬಿಯ ಪುಡಿ ತರಿಸಬೇಕಾಗಿಲ್ಲ. ನಮ್ಮ ರಾಗಿಮುದ್ದೆ, ಬಸ್ಸಾರು, ಹುರುಳಿಕಾಳು, ಮಜ್ಜಿಗೆ ಸಾಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ನಾವು ತಿದ್ದಿಕೊಳ್ಳಬೇಕಾದದ್ದೂ ಇದೆ: ಮುದ್ದೆ, ಅನ್ನ ಸ್ವಲ್ಪ ಇಳಿಯಲಿ, ಸೊಪ್ಪು ಕಾಳು ಏರಲಿ, ಉಪ್ಪಿನಕಾಯಿ, ಹಪ್ಪಳ, ಕಾಫಿಯ ಸಕ್ಕರೆ ಇಳಿಯಲಿ. ಹಣ್ಣನ್ನು ಹಿಂಡಿ ಸೋಸಿದರೆ ನಾರು ಹೋಗುತ್ತದೆ, ಕಚ್ಚಿ ತಿನ್ನಿರಿ.

ಕೊನೆಗೊಂದು ಮಾತು, ಮನೆಯ ಯಜಮಾನರಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ತಾಯಿ ಉಣ್ಣುತ್ತಾಳೆ. ಆಕೆಯ ಉಪವಾಸಕ್ಕೆ ವಾರದ ಲೆಕ್ಕವಿಲ್ಲ. ಮದುವೆಗೆ ತೆಳ್ಳಗಾಗಬೇಕೆಂದು ಊಟ ಬಿಡುವ ಬಿಳಿಚಿಕೊಂಡ ಮಗಳೂ ಅದೇ ಮನೆಯಲ್ಲಿರಬಹುದು. ಯಾಯಿರನ ಮಗಳನ್ನು ಎಬ್ಬಿಸಿದೊಡನೆ ಪ್ರಭು ಯೇಸು ಮನೆಯವರಿಗೆ ಹೇಳಿದ್ದೇನು? ಆಕೆಗೆ ಊಟ ಕೊಡಿರಿ ಎಂದು. ಈ ತಪಸ್ಸುಕಾಲದಲ್ಲಿ ವಾರಕ್ಕೆ ಒಂದು ದಿನವಾದರೂ ಮನೆಯವರೆಲ್ಲ ಒಟ್ಟಿಗೆ ಕುಳಿತು, ತಾಯಿಗೆ ಮೊದಲು ಬಡಿಸಿ ಉಣ್ಣಿರಿ. ಡಿಟಾಕ್ಸ್ ಪುಡಿಗೆಂದು ಎತ್ತಿಟ್ಟ ಹಣದಲ್ಲಿ ಕಾಳು ಬೇಳೆ ಕೊಂಡು, ಬೀದಿಯಲ್ಲಿ ಒಲೆ ಹೊತ್ತದ ಮನೆಯೊಂದಿದ್ದರೆ ಅಲ್ಲಿಗೆ ತಲುಪಿಸಿರಿ.

ಅನುದಿನವೂ ನಮ್ಮನ್ನು ಪೋಷಿಸುವ ತಂದೆ ದೇವರು ನಿಮ್ಮ ಅಡಿಗೆಮನೆಯನ್ನೂ ಅಲ್ಲಿ ದುಡಿಯುವ ಕೈಗಳನ್ನೂ ಆಶೀರ್ವದಿಸಲಿ.