ರಜಾ ಯಾರಪ್ಪನ ಸ್ವತ್ತು?

ಚನ್ನರಾಯಪಟ್ಟಣದ ಧರಣಿ ಚಪ್ಪರದಲ್ಲಿ ಒಂದು ಸಂಜೆ ನಾನು ಆಡಿದ ಮಾತೊಂದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಆ ಮಾತು ಯಾವುದು, ಅದು ನನ್ನ ಬಾಯಿಗೆ ಎಲ್ಲಿಂದ ಬಂತು ಅನ್ನೋದನ್ನ ಗೆಳೆಯರ ಮುಂದೆ ಬಿಚ್ಚಿಡಬೇಕು ಅಂತಲೇ ಇದನ್ನ ಬರೆಯುತ್ತಿದ್ದೇನೆ.

ಧರಣಿಯ ಕತೆ ನಿಮಗೆ ಗೊತ್ತು. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ 1,777 ಎಕರೆ ಬೇಕು ಅಂತ ಸರ್ಕಾರ ಹೊರಟಿತು. ರಾಗಿ ಬೆಳೆಯೋ ನೆಲ, ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ, ಎಲ್ಲಾ ಅದರಲ್ಲಿ ಬಂತು. 2022ರ ಏಪ್ರಿಲ್ 4ರಂದು ಜನ ಧರಣಿ ಕೂತರು. ಕೂತವರು ಏಳಲಿಲ್ಲ. ನನ್ನ ಅಕ್ಕನ ಒಂದೂವರೆ ಎಕರೆಯೂ ಆ ಲೆಕ್ಕದಲ್ಲಿತ್ತು. ಮೇಷ್ಟ್ರಾದ ನಾನು ಸ್ಕೂಲು ಬಿಟ್ಟ ಮೇಲೆ, ಭಾನುವಾರ, ದಸರಾ ರಜ, ಬೇಸಿಗೆ ರಜ ಅನ್ನದೆ ಚಪ್ಪರಕ್ಕೆ ಹೋಗಿ ಕೂರುತ್ತಿದ್ದೆ. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆ ಹೆಮ್ಮೆಯೇ ನನ್ನ ಕಣ್ಣು ಕಟ್ಟಿತು ಅಂತ ಈಗ ಅನ್ನಿಸುತ್ತದೆ.

ಅಕ್ಕನ ಮಗನಿಗೆ ಇಪ್ಪತ್ತಮೂರು. ಏರ್‌ಪೋರ್ಟಿನಲ್ಲಿ ಲೋಡರ್ ಕೆಲಸ. ವಿಮಾನದ ಹೊಟ್ಟೆಗೆ ಸೂಟ್‌ಕೇಸು ತುಂಬೋದು, ಹೊಟ್ಟೆಯಿಂದ ಇಳಿಸೋದು. ರಾತ್ರಿ ಪಾಳಿ ಮುಗಿಸಿ ಬಂದು ಒಂದಷ್ಟು ಹೊತ್ತು ಮಲಗಿ, ಅವನೂ ಚಪ್ಪರಕ್ಕೆ ಬರುತ್ತಿದ್ದ. ಜಮಖಾನ ಹಾಸುತ್ತಿದ್ದ, ಮೈಕು ಕಟ್ಟುತ್ತಿದ್ದ. ಧರಣಿ ಎರಡನೇ ವರ್ಷಕ್ಕೆ ಬಿದ್ದಿದ್ದಾಗ ನಾಲ್ಕು ದಿನ ಅವನು ಕಾಣಲಿಲ್ಲ. ಐದನೇ ದಿನ ಸಂಜೆ ಬಂದ. ಮೈ ಬಿಸಿಲಿಗೆ ಕಂದಿತ್ತು, ಶರ್ಟಿನ ಮೇಲೆ ತೆಂಗಿನ ಮರಗಳ ಚಿತ್ರ, ತಲೆ ಮೇಲೆ ಕೂಲಿಂಗ್ ಗ್ಲಾಸು. ಗೆಳೆಯರ ಜೊತೆ ಗೋವಾಕ್ಕೆ ಹೋಗಿದ್ದನಂತೆ. ಫೋನು ತೆಗೆದು ಸಮುದ್ರದ ಫೋಟೋಗಳನ್ನ ಹೆಂಗಸರಿಗೆಲ್ಲ ತೋರಿಸುತ್ತಿದ್ದ. ಮುದುಕಿಯೊಬ್ಬರು, 'ಅಯ್ಯೋ ಇಷ್ಟೊಂದ್ ನೀರಾ ಮಗಾ!' ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡರು.

ನನಗೆ ಎಲ್ಲಿತ್ತೋ ಸಿಟ್ಟು. 'ಇಲ್ಲಿ ಹೊಲ ಹೋಗ್ತಾ ಐತೆ, ನಿಂಗ್ಯಾಕ್ಲಾ ಈಗ ಮೋಜು?' ಅಂದೆ. ಚಪ್ಪರದಲ್ಲಿ ಕೂತಿದ್ದವರೆಲ್ಲಾ ಕೇಳೋ ಹಾಗೆ ಅಂದೆ.

ಹುಡುಗ ಫೋನು ಜೇಬಿಗೆ ಇಟ್ಟುಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮಾವ, ದಿನಾ ಎಷ್ಟೋ ಜನದ ಗೋವಾನ ನಾನು ಹೊತ್ತು ತುಂಬ್ತೀನಿ. ಒಂದ್ ಸಲ ನಂದು ನಾನು ಹೊತ್ಕಂಡು ಹೋಗ್‌ಬಾರ್ದಾ? ಅದೂ ಬಸ್ನಾಗೆ ಓಗಿದ್ದು' ಅಂದ. ಅಂದವನು ಎದ್ದು ಹೋಗಿ ಜಮಖಾನ ಸುತ್ತತೊಡಗಿದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಆಡಿದ ಮಾತನ್ನ ಹಿಂದೆ ಎಲ್ಲೋ ಕೇಳಿದ್ದೆ ಅನ್ನಿಸುತ್ತಿತ್ತು. ಬೆಳಗಿನ ಜಾವಕ್ಕೆ ನೆನಪಾಯಿತು.

ನಮ್ಮಪ್ಪ ಜೀತದಾಳು. ಅವನ ವರ್ಷ ಯುಗಾದಿಯಿಂದ ಯುಗಾದಿಗೆ. ನಡುವೆ ಬರೋ ಭಾನುವಾರ, ಸೋಮವಾರ ಯಾವುದೂ ಅವನಿಗೆ ಬೇರೆ ಬೇರೆ ದಿನಗಳಲ್ಲ. ಹರೆಯದಲ್ಲಿದ್ದಾಗ ಒಂದು ಸಲ ಗೌಡರ ಎತ್ತು ಹೊಡಕೊಂಡು ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ನಡೆದು ಹೋಗಿದ್ದನಂತೆ. ಜಾತ್ರೆಯಲ್ಲಿ ಡೇರೆ ಸಿನಿಮಾ ಬಂದಿತ್ತು. 'ಬೇಡರ ಕಣ್ಣಪ್ಪ' ಹಾಕಿದ್ದರು. ಎತ್ತುಗಳನ್ನ ಜೊತೆಗಾರನ ವಶಕ್ಕೆ ಬಿಟ್ಟು ಅಪ್ಪ ಡೇರೆಯೊಳಗೆ ನುಗ್ಗಿ ನೆಲದ ಮೇಲೆ ಕೂತು ಸಿನಿಮಾ ನೋಡಿದ. ಗೌಡರಿಗೆ ತಿಳಿಯಿತು. 'ನಿಂಗ್ಯಾಕ್ಲಾ ಆಟ?' ಅಂತ ಕೇಳಿ, ಆ ವರ್ಷದ ರಾಗಿಯಲ್ಲಿ ಎರಡು ಕೊಳಗ ಹಿಡಕೊಂಡರು.

ಅಪ್ಪ ಬದುಕಿನಲ್ಲಿ ತಿಂದ ಏಟುಗಳ ಕತೆಯನ್ನ ನಮಗೆ ಒಂದು ದಿನವೂ ಹೇಳಲಿಲ್ಲ. ಈ ಕತೆಯನ್ನ ಮಾತ್ರ ನೂರು ಸಲ ಹೇಳಿದ. ಪ್ರತಿ ಸಲವೂ ನಕ್ಕೊಂಡು ಹೇಳಿದ. 'ಎರಡು ಕೊಳಗ ಓದ್ರೆ ಓಗ್ಲಿ, ಬ್ಯಾಡ್ರೋನು ಗುಡಿ ಒಳಕ್ಕೆ ಓಗಿದ್ದ ಕಣ್ಣಾರ ನೋಡ್ದೆ' ಅನ್ನುತ್ತಿದ್ದ. ಅಂಥ ಅಪ್ಪನ ಮಗನಾದ ನಾನು, ಚಳವಳಿಯ ಹೆಸರಿನಲ್ಲಿ, ಅಪ್ಪನ ಮೊಮ್ಮಗನಿಗೆ ಗೌಡರ ಮಾತನ್ನೇ ಅಂದಿದ್ದೆ. 'ಆಟ' ಅನ್ನೋ ಜಾಗದಲ್ಲಿ 'ಮೋಜು' ಅಂದಿದ್ದೆ, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಒಂದು ನಂಬಿಕೆ ಬೇರುಬಿಟ್ಟಿದೆ. ಹೋರಾಟಗಾರನಾದವನು ನಗಬಾರದು, ಒಳ್ಳೇ ಬಟ್ಟೆ ಹಾಕಬಾರದು, ಸಿನಿಮಾ ನೋಡಬಾರದು, ಊರೂರು ತಿರುಗಬಾರದು. ದಲಿತ ಹುಡುಗ ಕಪ್ಪು ಕನ್ನಡಕ ಹಾಕಿಕೊಂಡರೆ ಊರಿನ ಉಳ್ಳವರಿಗೆ ಉರಿಯುತ್ತದೆ. ಅದು ಹಳೇ ಕತೆ. ಆದರೆ ಅದೇ ಕನ್ನಡಕ ನೋಡಿ ನಮಗೂ ಯಾಕೆ ಕಸಿವಿಸಿಯಾಗಬೇಕು? ದುಡಿಯೋದು, ಅಳೋದು, ಧರಣಿ ಕೂರೋದು ಇಷ್ಟೇ ನಮ್ಮ ಜಾತಿಯ ಹಣೆಬರಹ ಅಂತ ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆಯೇ?

ರಜೆ ಅನ್ನೋದು ಯಾರೋ ಉದಾರಿಗಳು ದಾನ ಕೊಟ್ಟದ್ದಲ್ಲ. ನಮ್ಮ ಮಕ್ಕಳು ಇವತ್ತು ಭಾನುವಾರ ಅಂತ ಕುಣಿಯುತ್ತಾರಲ್ಲ, ಆ ಭಾನುವಾರದ ಹಿಂದೆ ನಾರಾಯಣ ಮೇಘಾಜಿ ಲೋಖಂಡೆ ಇದ್ದಾರೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ವಾರದ ಏಳೂ ದಿನ ಜನ ಬೇಯುತ್ತಿದ್ದ ಕಾಲದಲ್ಲಿ ಗಿರಣಿ ಕಾರ್ಮಿಕರನ್ನ ಸಂಘಟಿಸಿ, ವರ್ಷಗಟ್ಟಲೆ ಹೋರಾಡಿ, 1890ರಲ್ಲಿ ವಾರಕ್ಕೊಂದು ರಜೆ ಗಿಟ್ಟಿಸಿದರು. ಮುಂದೆ 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತ ಬಾಬಾಸಾಹೇಬರು, ಕಾರ್ಖಾನೆಯವರಿಗೆ ಸಂಬಳ ಸಹಿತ ರಜೆ ಸಿಗಬೇಕು ಅಂತ ಕಾಯ್ದೆಯ ತಿದ್ದುಪಡಿಗೆ ನಿಂತರು. 1976ರಲ್ಲಿ ಜೀತ ರದ್ದಿನ ಕಾಯ್ದೆ ಬಂತು. ಅದಾದ ಮೇಲೆಯೇ ನಮ್ಮಪ್ಪ ಒಂದು ಮಧ್ಯಾಹ್ನ, ಯಾರನ್ನೂ ಕೇಳದೆ, ಬೇವಿನ ಮರದ ಕೆಳಗೆ ಕಾಲು ಚಾಚಿ ಮಲಗಿದ್ದನ್ನ ನಾನು ಕಂಡದ್ದು. ನೆಲಕ್ಕಾಗಿ ಹೋರಾಡಿದ ಹಾಗೆಯೇ ಹೊತ್ತಿಗಾಗಿಯೂ ನಮ್ಮವರು ಹೋರಾಡಿದ್ದಾರೆ. ನಮ್ಮ ಹೊತ್ತಿಗೆ ನಾವೇ ಒಡೆಯರಾಗಬೇಕು ಅನ್ನೋದು ಜೀತ ಮುರಿದವರ ಮೊದಲ ಆಸೆ.

ಇನ್ನು ಪ್ರಯಾಣ. ಅದೇನು ಸಣ್ಣ ವಿಷಯವೇ? ಬಾಬಾಸಾಹೇಬರ ಬದುಕನ್ನೇ ನೋಡಿ. 1901ರಲ್ಲಿ, ಒಂಬತ್ತು ವರ್ಷದ ಹುಡುಗ ಭೀಮ ಹೊರಟದ್ದು ಬೇಸಿಗೆ ರಜೆಗೆ, ಗೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ಅಪ್ಪನನ್ನ ನೋಡೋದಕ್ಕೆ. ಹೊಸ ಅಂಗಿ, ಜರಿ ಟೋಪಿ, ರೈಲು ಪ್ರಯಾಣ. ಮನೆಯ ಹುಡುಗರೆಲ್ಲಾ ಸಡಗರದಲ್ಲಿದ್ದರು. ಮಸೂರು ಸ್ಟೇಷನ್ನಿನಲ್ಲಿ ಇಳಿದ ಮೇಲೆ ಇವರು ಮಹಾರರ ಮಕ್ಕಳು ಅಂತ ಗೊತ್ತಾಗಿ ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಗಾಡಿಯನ್ನ ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂದ. ಬುತ್ತಿ ಕಟ್ಟಿಕೊಂಡಿದ್ದರು, ಕುಡಿಯೋದಕ್ಕೆ ನೀರು ಕೊಡೋರಿಲ್ಲ. ನೀರಿಲ್ಲದೆ ಅನ್ನ ಇಳಿಯಲಿಲ್ಲ. ಹಸಿದು ಮಲಗಿದರು.

ಅದಾಗಿ ಮೂವತ್ತಮೂರು ವರ್ಷಕ್ಕೆ, 1934ರಲ್ಲಿ, ಅದೇ ಹುಡುಗ ಬ್ಯಾರಿಸ್ಟರಾಗಿ, ದೇಶವೇ ಬಲ್ಲ ನಾಯಕನಾಗಿ, ಚಳವಳಿಯ ಸುಮಾರು ಮೂವತ್ತು ಜನ ಗೆಳೆಯರ ಜೊತೆ ಎಲ್ಲೋರದ ಬೌದ್ಧ ಗುಹೆಗಳನ್ನ ನೋಡಲು ಹೊರಟ. ದಾರಿಯಲ್ಲಿ ದೌಲತಾಬಾದ್ ಕೋಟೆ. ಹೆಬ್ಬಾಗಿಲ ಹತ್ತಿರದ ಕೊಳದಲ್ಲಿ ದಾರಿಯ ಧೂಳು ತೊಳಕೊಂಡದ್ದಕ್ಕೆ ಜನ ಮುಗಿಬಿದ್ದರು. ಕೊಳ ಮೈಲಿಗೆ ಮಾಡಿದಿರಿ ಅಂತ ಬೈದರು. ಆಮೇಲೆ ಕೋಟೆ ನೋಡೋದಕ್ಕೆ ಬಿಟ್ಟರು, ಎಲ್ಲೂ ನೀರು ಮುಟ್ಟದ ಹಾಗೆ ಕಾಯೋದಕ್ಕೆ ಆಯುಧ ಹಿಡಿದವನೊಬ್ಬನನ್ನ ಜೊತೆಗೆ ಕಳಿಸಿ.

ಇಲ್ಲಿ ಒಂದು ಮಾತು ಗಮನಿಸಿ. ಚಳವಳಿಯ ಬಿಡುವಿಲ್ಲದ ವರ್ಷಗಳಲ್ಲೂ ಬಾಬಾಸಾಹೇಬರು ಗೆಳೆಯರ ಜೊತೆ ಗುಹೆ ನೋಡಲು ಹೋದರು. ಹೋರಾಟ ಇರುವಾಗ ಪ್ರವಾಸ ಯಾಕೆ ಅಂತ ಆ ಮೂವತ್ತು ಜನರನ್ನ ನಾವು ಇವತ್ತು ಕೇಳುತ್ತೇವೆಯೇ? ಹೋದದ್ದರಿಂದಲೇ ಆ ಕೊಳದ ಬೀಗವೂ ಲೋಕಕ್ಕೆ ಕಂಡಿತು. ದಲಿತ ಹುಡುಗ ಧೈರ್ಯವಾಗಿ ರಸ್ತೆಗಿಳಿದು, ಸಮುದ್ರದಲ್ಲಿ ಈಜಿ, ಹೋಟೆಲಿನಲ್ಲಿ ಉಂಡು ಬಂದರೆ ಅದರಲ್ಲಿ ನಾವು ಗೆದ್ದ ನೆಲ ಎಷ್ಟು ಅನ್ನೋದೂ ಇರುತ್ತದೆ.

ಹಾಗಂತ ಎಲ್ಲಾ ಮೋಜೂ ಹಕ್ಕೇ ಅಂತ ನಾನು ಹೇಳಲಾರೆ. ಶನಿವಾರ, ಭಾನುವಾರದ ಬೆಳಗಿನ ಜಾವ ನಂದಿ ಬೆಟ್ಟದ ದಾರಿಯಲ್ಲಿ ನಿಂತು ನೋಡಿ. ಬೆಂಗಳೂರಿನ ಕಾರು, ಬೈಕುಗಳ ಸಾಲು. ಸೂರ್ಯ ಹುಟ್ಟೋದನ್ನ ನೋಡಲು ಬರುತ್ತಾರೆ, ಬರಲಿ. ಆದರೆ ತಾವು ಕುಡಿದ ಬಾಟ್ಲಿಯನ್ನ ಪಕ್ಕದ ಹೊಲಕ್ಕೆ ಎಸೆಯುವಾಗ ಆ ಹೊಲದಲ್ಲಿ ಬರಿಗಾಲಲ್ಲಿ ಕಳೆ ಕೀಳೋಳು ಒಬ್ಬಳಿದ್ದಾಳೆ ಅಂತ ಅವರಿಗೆ ಹೊಳೆಯೋದಿಲ್ಲ. ನಮ್ಮ ಹುಡುಗರೂ ನಾಳೆ ಹಾಗೇ ಆದರೆ ಅದು ಬಿಡುಗಡೆ ಹೇಗಾದೀತು? 2008ರ ಮೇ ತಿಂಗಳಲ್ಲಿ ನಮ್ಮ ತಾಲ್ಲೂಕಿನ ನೆಲದ ಮೇಲೆ ವಿಮಾನ ಇಳಿಯತೊಡಗಿತು. ಲೋಕದ ಜನವೆಲ್ಲಾ ನಮ್ಮ ತಲೆ ಮೇಲೆ ಹಾರಾಡಲಿ, ನಮ್ಮ ತಕರಾರಿಲ್ಲ. ಆದರೆ ಅವರ ಹಾರಾಟದ ಸುತ್ತ ಬೆಳೆಯೋ ಕಾರ್ಖಾನೆ, ಪಾರ್ಕುಗಳಿಗೆ ಇನ್ನಷ್ಟು, ಮತ್ತಷ್ಟು ಅಂತ ಅಕ್ಕನ ಒಂದೂವರೆ ಎಕರೆಯನ್ನೂ ಕೇಳಿದರೆ? ಒಬ್ಬರ ಬಿಡುವು ಇನ್ನೊಬ್ಬರ ಬೆನ್ನ ಮೇಲೆ ಕೂರಬಾರದು. ಸುಖದ ನ್ಯಾಯ ಅನ್ಯಾಯ ಅಳೆಯೋದಕ್ಕೆ ನನಗೆ ಸಿಕ್ಕಿರೋ ಕೊಳಗ ಇದೊಂದೇ.

ಈ ಕೊಳಗದಲ್ಲಿ ಅಳೆದರೆ ಅಕ್ಕನ ಮಗನ ಗೋವಾ ತಪ್ಪಲ್ಲ. ಅವನು ಯಾರ ಬೆನ್ನ ಮೇಲೂ ಕೂತಿರಲಿಲ್ಲ. ಬಂದ ಸಂಜೆಯೇ ಜಮಖಾನ ಸುತ್ತಿದ.

ತಪ್ಪು ಬೇರೆ ಕಡೆ ಇತ್ತು. ಅದನ್ನ ಅವನೇ ನನಗೆ ತೋರಿಸಿದ.

2025ರ ಜುಲೈ 15ರಂದು, ಧರಣಿ ಕೂತ 1,198ನೇ ದಿನ, ಭೂಸ್ವಾಧೀನ ಕೈಬಿಡುತ್ತೇವೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಾರಿದರು. ಊರೂರಲ್ಲಿ ಸಿಹಿ ಹಂಚಿದರು. ಅದಾದ ವಾರಕ್ಕೆ ನಾನು, ಅಕ್ಕನ ಮಗ ಇಬ್ಬರೂ ಅವನ ಗೆಳೆಯನೊಬ್ಬನ ಮನೆಗೆ ಹೋದೆವು. ಗೋವಾಕ್ಕೆ ಜೊತೆಗೆ ಹೋದ ಒಕ್ಕಲು ಮನೆಯ ಹುಡುಗ. ಅವರದೂ ಮೂರು ಎಕರೆ ಉಳಿದಿತ್ತು. ಚಪ್ಪರದಲ್ಲಿ ಆ ಹುಡುಗನ ತಾಯಿ, ನಮ್ಮಕ್ಕ ಪಕ್ಕಪಕ್ಕದಲ್ಲಿ ಕೂತು ಘೋಷಣೆ ಕೂಗಿದವರು. ಆಯಮ್ಮ ನಗುನಗುತ್ತಾ ಬಂದರು. ಜಗಲಿ ಮೇಲೆ ಚಾಪೆ ಹಾಸಿದರು. ಮಗನಿಗೆ ಸ್ಟೀಲ್ ಲೋಟದಲ್ಲಿ ಕಾಫಿ ತಂದರು, ನಮಗಿಬ್ಬರಿಗೂ ಕಾಗದದ ಲೋಟದಲ್ಲಿ. ಆಯಮ್ಮನ ಮುಖದಲ್ಲಿ ಕೆಡುಕು ಅನ್ನೋದು ಎಳ್ಳಷ್ಟೂ ಇರಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ಹಾಗೆ ಮಾಡಿತ್ತು. ಗೆಳೆಯ ತನ್ನ ಲೋಟ ನೋಡಿದ, ನಮ್ಮ ಲೋಟ ನೋಡಿದ, ತಲೆ ತಗ್ಗಿಸಿದ. ಮಾತಾಡಲಿಲ್ಲ.

ಹೊರಗೆ ಬಂದ ಮೇಲೆ ಅಕ್ಕನ ಮಗ ಅಂದ: 'ಗೋವಾದಾಗೆ ಇವನೂ ನಾನೂ ಒಂದೇ ತಟ್ಟೇಲಿ ಮೀನು ತಿಂದ್ವಿ ಮಾವ. ನನ್ ಎಂಜಲು ಬಾಟ್ಲೀಲಿ ನೀರು ಕುಡ್ದ. ಐನೂರು ಅರುನೂರು ಕಿಲೋಮೀಟ್ರು ದೂರ ಓದ್ರೆ ನಾವು ಫ್ರೆಂಡ್ಸು. ಊರಿಗ್ ಬಂದ್ರೆ ಜಗಲಿ.'

ಗೆಳೆಯರೇ, ನಾನು ಅವತ್ತು ಚಪ್ಪರದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದು. ಯಾಕೆ ಹೋದೆ ಅಂತ ಕೇಳಿದೆ. ಯಾರ ಜೊತೆ ಹೋದೆ, ವಾಪಸು ಬಂದ ಮೇಲೆ ಅವರು ನಿನಗೆ ಏನಾಗಿದ್ದಾರೆ ಅಂತ ಕೇಳಲಿಲ್ಲ. ಊರಿನಿಂದ ದೂರ ಇರುವಷ್ಟು ದಿನ ಮಾತ್ರ ಬಾಳೋ ಗೆಳೆತನವನ್ನ ನಮ್ಮ ಹುಡುಗರು ಎಷ್ಟು ಕಾಲ ಹೊರಬೇಕು? ಸೂಟ್‌ಕೇಸಿನ ಹಾಗೆ ಅದನ್ನೂ ಅವರೇ ಹೊರಬೇಕೆ? ಒಟ್ಟಿಗೆ ಧರಣಿ ಕೂತರೆ ಹೊಲ ಉಳಿಯುತ್ತದೆ, ಸರಿ. ಉಳಿದ ಹೊಲದ ರಾಗಿಯನ್ನ ಒಂದೇ ಒಲೆಯ ಮುಂದೆ ಕೂತು ಉಣ್ಣೋದು ಯಾವಾಗ? ಇದು ಮೇಲುಜಾತಿಯ ಗೆಳೆಯರು ಉತ್ತರ ಕೊಡಬೇಕಾದ ಪ್ರಶ್ನೆ. ಅವರ ಪರವಾಗಿ ನಾವು ತಲೆ ತಗ್ಗಿಸಲಾಗದು, ಅವರಮ್ಮನ ಹತ್ತಿರ ನಾವು ಮಾತಾಡಲೂ ಆಗದು.

ನನ್ನ ಪಾಲಿನ ಕೆಲಸವೂ ಒಂದಿತ್ತು. ಪ್ರತಿ ಜೂನಿನಲ್ಲಿ ನಾನು ಮಕ್ಕಳಿಗೆ 'ಬೇಸಿಗೆ ರಜೆಯಲ್ಲಿ ನಾನು ಕೈಗೊಂಡ ಪ್ರವಾಸ' ಅಂತ ಪ್ರಬಂಧ ಬರೆಸುತ್ತಿದ್ದೆ. ಎಲ್ಲೂ ಹೋಗದ ಮಕ್ಕಳು, ನನ್ನ ಹಾಗೆ ರಜವೆಲ್ಲಾ ಹುಣಸೆ ಹಣ್ಣು ಕುಟ್ಟಿ ಬೀಜ ತೆಗೆದ ಮಕ್ಕಳು, ಗೈಡು ನೋಡಿ ಮೈಸೂರಿನ ಅರಮನೆ ಬರೆಯುತ್ತಿದ್ದರು. ಅದಕ್ಕೆ ನಾನು ಹತ್ತಕ್ಕೆ ಎಂಟು ಕೊಡುತ್ತಿದ್ದೆ. ಈಗ ವಿಷಯ ಬದಲಿಸಿದ್ದೇನೆ: 'ರಜೆಯಲ್ಲಿ ನಾನು ಯಾರ ಮನೆಯಲ್ಲಿ ಊಟ ಮಾಡಿದೆ, ನಮ್ಮ ಮನೆಯಲ್ಲಿ ಯಾರು ಊಟ ಮಾಡಿದರು.' ಮೊದಲ ಸಲ ಬರೆಸಿದಾಗ ಅರ್ಧ ತರಗತಿ ಪೆನ್ನು ಕಚ್ಚಿಕೊಂಡು ಕೂತಿತ್ತು. ಹಳ್ಳಿ ಶಾಲೆಯ ಮೇಷ್ಟ್ರು, ಮೇಡಂಗಳು ಒಂದು ಸಲ ಬರೆಸಿ ನೋಡಿ.

ಅಕ್ಕನ ಮಗ, ಅವನ ಗೆಳೆಯರು ಈಗ ಎಲ್ಲೋರಕ್ಕೆ ಹೋಗೋದಕ್ಕೆ ದುಡ್ಡು ಕೂಡಿಸುತ್ತಿದ್ದಾರೆ. ದೌಲತಾಬಾದಿನ ಕತೆ ಹೇಳಿದ ಮೇಲೆ ಅದನ್ನೂ ಪಟ್ಟಿಗೆ ಸೇರಿಸಿದ್ದಾರೆ. ಆ ಒಕ್ಕಲು ಮನೆಯ ಹುಡುಗ ಒಂದು ಮಾತು ಕೊಟ್ಟಿದ್ದಾನಂತೆ: ವಾಪಸು ಬಂದ ದಿನ ಎಲ್ಲರಿಗೂ ತಮ್ಮ ಮನೆಯಲ್ಲಿ, ಒಳಗೆ, ಊಟ. ಅಮ್ಮನಿಗೆ ಇನ್ನೂ ಹೇಳಿಲ್ಲವಂತೆ.

'ಏಳ್ತಾನಾ?' ಅಂತ ಕೇಳಿದೆ.

'ಗೊತ್ತಿಲ್ಲ ಮಾವ. ಟಿಕೀಟು ಬುಕ್ ಆಗೋದ್ರೊಳಗೆ ಏಳ್‌ಬೇಕು ಅಂದಿವ್ನಿ' ಅಂದ.