ಕೊಟ್ಟ ವೇಳೆಯೂ ಸತ್ಯಾಣುವ್ರತವೂ

ಸತ್ಯಾಣುವ್ರತವೆಂದೊಡನೆ ಶ್ರಾವಕರ ಮನಸ್ಸಿಗೆ ಬರುವುದು ಸುಳ್ಳು ಸಾಕ್ಷ್ಯ, ಕಳ್ಳ ದಸ್ತಾವೇಜು, ನಂಬಿ ಇರಿಸಿದ ಒಡವೆಯನ್ನು ಇಲ್ಲವೆನ್ನುವುದು ಮುಂತಾದ ದೊಡ್ಡ ಅಪರಾಧಗಳು. ಇವು ಬಹುಮಂದಿಯ ಜೀವನದಲ್ಲಿ ಒಮ್ಮೆಯೂ ಒದಗದೆ ಹೋಗಬಹುದು. ಆದ್ದರಿಂದಲೇ ವ್ರತವು ಸುಲಭವೆಂಬ ಭ್ರಮೆ ಹುಟ್ಟುತ್ತದೆ. "ಸಂಜೆ ಐದೂವರೆಗೆ ಬನ್ನಿ, ಮನೆಯಲ್ಲಿಯೇ ಇರುತ್ತೇನೆ" ಎಂಬ ಮಾತೂ ವ್ರತದ ಮೇರೆಯೊಳಗೆ ಬರುತ್ತದೆಂದು ಎಣಿಸುವವರು ವಿರಳ. ಆದರೆ ನಗರಜೀವನದಲ್ಲಿ ದಿನವೂ ಮುರಿದುಬೀಳುವ ಮಾತು ಇದೇ. ಮುರಿದ ಸದ್ದು ಅದನ್ನು ನಂಬಿ ಬಾಗಿಲಲ್ಲಿ ನಿಂತವನಿಗೆ ಮಾತ್ರ ಕೇಳಿಸುತ್ತದೆ.

ಹೀಗೆ ಬಾಗಿಲಲ್ಲಿ ನಿಲ್ಲುವುದನ್ನೇ ವೃತ್ತಿಯಾಗಿ ಉಳ್ಳವನು ವಿಮಾ ಪ್ರತಿನಿಧಿ. 1956ರ ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮವು ಸ್ಥಾಪನೆಯಾದಂದಿನಿಂದ ಕರ್ನಾಟಕದ ಊರೂರುಗಳಲ್ಲಿ ಈ ಕೆಲಸವನ್ನು ಕೈಗೊಂಡ ಜೈನ ಗೃಹಸ್ಥರೂ ಉಂಟು. ಪ್ರಾಣಿಹಿಂಸೆಯ ಸಂಪರ್ಕವಿಲ್ಲದ ವೃತ್ತಿಯೆಂಬುದು ಅದರ ಆಕರ್ಷಣೆ. ದಾವಣಗೆರೆಯ ವಿನೋಬನಗರದಂಥ ಬಡಾವಣೆಯಲ್ಲಿ, ಒಂದು ಮುಖ್ಯರಸ್ತೆಯಿಂದ ಇನ್ನೊಂದಕ್ಕೆ, ಒಂದು ಅಡ್ಡರಸ್ತೆಯಿಂದ ಮತ್ತೊಂದಕ್ಕೆ ಚೀಲ ಹಿಡಿದು ನಡೆಯುವ ಇಂಥವನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನು ರಾತ್ರಿಭೋಜನವನ್ನು ತ್ಯಜಿಸಿದವನು. ಕಾರ್ತಿಕ ಮಾಸದಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯನು ಮುಳುಗುತ್ತಾನೆ. ಗ್ರಾಹಕನು ಕೊಟ್ಟ ವೇಳೆ ಐದೂವರೆ. ಐದು ಗಂಟೆಗೇ ಊಟ ಮುಗಿಸಿ ಹೊರಡಬೇಕೆಂದರೆ ಅಷ್ಟರಲ್ಲಿ ಹರಿಹರದಿಂದ ಹಿಂದಿರುಗಬೇಕಾದ ಕೆಲಸವಿತ್ತು. ಹೋದಾಗ ಮನೆಯವರು "ಈಗ ಬರುತ್ತಾರೆ, ಕುಳಿತುಕೊಳ್ಳಿ" ಎನ್ನುತ್ತಾರೆ. ಆರೂಮುಕ್ಕಾಲಿಗೆ ಎದ್ದು ಬರುವಾಗ ವ್ಯವಹಾರವೂ ಇಲ್ಲ, ಊಟವೂ ಇಲ್ಲ.

ಇಲ್ಲಿ ಪ್ರಶ್ನೆ ಹುಟ್ಟುತ್ತದೆ. ಆ ರಾತ್ರಿ ಅವನು ಉಪವಾಸವಿದ್ದನೆಂದು ಹೇಳಬಹುದೆ? ಮರುದಿನ ಬಸದಿಯಲ್ಲಿ ಸ್ನೇಹಿತರು ಹಾಗೆಯೇ ಹೇಳಿ ಸಮಾಧಾನಪಡಿಸಬಹುದು. ಶಾಸ್ತ್ರವು ಅಷ್ಟು ಉದಾರವಾಗಿಲ್ಲ. ಉಪವಾಸಕ್ಕೆ ಸಂಕಲ್ಪ ಬೇಕು. ಪ್ರತ್ಯಾಖ್ಯಾನವಿಲ್ಲದ ಹಸಿವು ಹಸಿವೇ ಹೊರತು ತಪಸ್ಸಲ್ಲ. ಪರವಶನಾಗಿ ಹಸಿವು ಬಾಯಾರಿಕೆಗಳನ್ನು ಸಹಿಸುವವನಿಗೆ ಆಗುವುದನ್ನು ಆಚಾರ್ಯರು ಅಕಾಮನಿರ್ಜರೆ ಎಂದು ಕರೆದಿದ್ದಾರೆ. ಸೆರೆಯಲ್ಲಿದ್ದವನು, ಕಟ್ಟಿಹಾಕಿದ ಪಶು, ಇವರು ಅನುಭವಿಸುವುದೂ ಅದನ್ನೇ. ಮಂದಕಷಾಯದಿಂದ ಸಹಿಸಿದರೆ ಅದಕ್ಕೂ ಒಂದು ಫಲವುಂಟು, ದೇವಾಯುವಿನ ಬಂಧಕಾರಣಗಳಲ್ಲಿ ಅದರ ಹೆಸರೂ ಇದೆ. ಆದರೆ ಮೋಕ್ಷಮಾರ್ಗದ ನಿರ್ಜರೆಯೆಂದು ಅದನ್ನು ಯಾರೂ ಎಣಿಸಿಲ್ಲ. ಹಾಗೆಂದು ಆ ಸಂಜೆಗೆ ಬೆಲೆಯೇ ಇಲ್ಲವೆನ್ನಲೂ ಆಗದು. ಸೂರ್ಯಾಸ್ತವಾದ ಮೇಲೆ ಮನೆಗೆ ಬಂದು, ತಟ್ಟೆ ಎದುರಿಗಿದ್ದರೂ ಮುಟ್ಟದೆ ಇರುವಲ್ಲಿ ಅವನು ಪರವಶನಲ್ಲ. ಕಾದದ್ದು ಇನ್ನೊಬ್ಬನ ತಪ್ಪಿನಿಂದ, ಉಣ್ಣದೆ ಇದ್ದದ್ದು ತನ್ನ ವ್ರತದಿಂದ. ಈ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರೆದುಕೊಳ್ಳುವವನೇ ತನ್ನನ್ನು ತಾನು ವಂಚಿಸಿಕೊಳ್ಳದವನು.

ಕಾಯುವ ಹೊತ್ತನ್ನು ಸಾಮಾಯಿಕವಾಗಿ ಮಾಡಿಕೊಳ್ಳಬಾರದೆ ಎಂದು ಕೆಲವರು ಕೇಳುತ್ತಾರೆ. ಒಂದು ಮುಹೂರ್ತವೆಂದರೆ 48 ನಿಮಿಷ, ಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಕೇಳಲು ಸೊಗಸಾದ ಸಲಹೆ. ಆದರೆ ಗೇಟಿನ ಸದ್ದಿಗೆ ಕಿವಿ ನೆಟ್ಟು ಕುಳಿತವನ ಸಾಮಾಯಿಕದಲ್ಲಿ ಮನೋದುಷ್ಪ್ರಣಿಧಾನ, ಅನಾದರ, ಸ್ಮೃತ್ಯನುಪಸ್ಥಾನ ಎಂಬ ಅತಿಚಾರಗಳು ಸಾಲಾಗಿ ಬಂದು ಕೂರುತ್ತವೆ. ನಮೋಕಾರವನ್ನು ಜಪಿಸಲಿ, ಅದು ಒಳ್ಳೆಯದೇ. ಸಾಮಾಯಿಕವೆಂದು ಮಾತ್ರ ಕರೆಯದಿರಲಿ.

ಇದಕ್ಕಿಂತ ಗಂಭೀರವಾದದ್ದು ಒಳಗಿನ ಕ್ರೋಧದ ಸಂಗತಿ. ಪ್ರತಿನಿಧಿಯು ವೃತ್ತಿಧರ್ಮದಿಂದ ನಗುಮುಖವನ್ನೇ ತೋರುತ್ತಾನೆ. "ಪರವಾಯಿಲ್ಲ, ಇನ್ನೊಂದು ದಿನ ಬರುತ್ತೇನೆ" ಎನ್ನುತ್ತಾನೆ. ನಾಲಗೆ ಶುದ್ಧವಾಗಿದೆ, ಮನಸ್ಸು ಗ್ರಾಹಕನನ್ನು ಹತ್ತು ಬಾರಿ ಕೊಂದಿದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಹಿಟ್ಟಿನ ಕೋಳಿಯನ್ನು ಅರಿತ ಓದುಗರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಸಂಕಲ್ಪಹಿಂಸೆಗೆ ರಕ್ತ ಬೇಕಾಗಿಲ್ಲ. ಒಳಗೊಂದು ಹೊರಗೊಂದಾದಾಗ ಮಾಯಾಶಲ್ಯವೂ ಸೇರಿಕೊಳ್ಳುತ್ತದೆ. ಶಲ್ಯವಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಲಕ್ಷಣವನ್ನೇ ಹೇಳಿಬಿಟ್ಟಿರುವುದರಿಂದ ಇದು ಚಿಕ್ಕ ದೋಷವಲ್ಲ.

ಮುನಿಗಳ ಆಹಾರಚರ್ಯೆಯನ್ನು ಇಂಥ ಸಂದರ್ಭದಲ್ಲಿ ಆದರ್ಶವಾಗಿ ಹೇಳುವುದು ವಾಡಿಕೆ. ದಿಗಂಬರ ಮುನಿಯು ದಿನಕ್ಕೊಮ್ಮೆ ಮನದಲ್ಲಿ ನಿಯಮವನ್ನು ಧರಿಸಿ ಹೊರಡುತ್ತಾನೆ. ನಿಯಮ ಕೂಡಿಬರದಿದ್ದರೆ ಮೌನವಾಗಿ ಹಿಂದಿರುಗುತ್ತಾನೆ. ಇಪ್ಪತ್ತೆರಡು ಪರೀಷಹಗಳಲ್ಲಿ ಅಲಾಭವೂ ಒಂದು. ಆದಿನಾಥನಿಗೇ ಸುಮಾರು ಒಂದು ವರ್ಷಕಾಲ ಆಹಾರ ದೊರೆಯಲಿಲ್ಲ. ಜನರು ಆನೆ, ಕುದುರೆ, ರತ್ನಗಳನ್ನು ತಂದು ಒಡ್ಡಿದರು. ಏನು ಕೊಡಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ರಸವನ್ನಿತ್ತ ದಿನವೇ ಅಕ್ಷಯ ತೃತೀಯೆ. ಕೊಡದವರೆಲ್ಲರೂ ದುಷ್ಟರಲ್ಲವೆಂಬ ಒಂದು ಅಂಶವನ್ನು ಪ್ರತಿನಿಧಿಯು ಈ ಕಥೆಯಿಂದ ಅವಶ್ಯವಾಗಿ ತೆಗೆದುಕೊಳ್ಳಬಹುದು. ಅದಕ್ಕಿಂತ ಮುಂದೆ ಹೋಲಿಕೆಯನ್ನು ಎಳೆಯುವುದು ಅನುಚಿತ. ಮುನಿಯು ಯಾಚಿಸುವುದಿಲ್ಲ, ವೇಳೆಯನ್ನು ಯಾರಿಂದಲೂ ಪಡೆದಿರುವುದಿಲ್ಲ. ಪ್ರತಿನಿಧಿಯು ಎರಡನ್ನೂ ಮಾಡಿದ್ದಾನೆ. ಮೊದಲ ವರ್ಷದ ಕಂತಿನಲ್ಲಿ ದೊಡ್ಡ ಪಾಲು ಕಮಿಷನ್ನಾಗಿ ಬರುತ್ತದೆಂಬುದು ಅವನಿಗೆ ಗೊತ್ತು.

ಈ ಕೊನೆಯ ಸಂಗತಿಯಿಂದಲೇ ವಿಷಯದ ತಿರುಳು ಬಿಚ್ಚಿಕೊಳ್ಳುತ್ತದೆ. ಸತ್ಯವ್ರತದ ಸ್ಥಿರತೆಗಾಗಿ ಐದು ಭಾವನೆಗಳನ್ನು ಹೇಳಿದೆ: ಕ್ರೋಧ, ಲೋಭ, ಭೀರುತ್ವ, ಹಾಸ್ಯ ಇವುಗಳ ತ್ಯಾಗ, ಹಾಗೂ ವಿಚಾರಿಸಿ ನುಡಿಯುವ ಅನುವೀಚಿಭಾಷಣ. ಮಾತು ತಪ್ಪಿದ ಗ್ರಾಹಕನು ಯಾವುದರಿಂದ ತಪ್ಪಿದನು? ಬಹುಪಾಲು ಭೀರುತ್ವದಿಂದ. "ಬೇಡ" ಎಂದು ಮುಖಕ್ಕೆ ಹೇಳಲಾರದ ದಾಕ್ಷಿಣ್ಯವೇ "ನಾಳೆ ಬನ್ನಿ" ಎಂಬ ರೂಪ ತಾಳುತ್ತದೆ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಬಾಗಿಲುಗಳ ಮೇಲೆ ದೆವ್ವವನ್ನು ಹಿಂದಿರುಗಿಸಲು "ನಾಳೆ ಬಾ" ಎಂದು ಬರೆದಿದ್ದರಷ್ಟೆ! ವಿಮಾ ಪ್ರತಿನಿಧಿಗೆ ಬಹುವಚನದ ಮರ್ಯಾದೆ ದೊರೆಯುತ್ತದೆ, ಅಷ್ಟೇ ವ್ಯತ್ಯಾಸ. ಕೆಲವರ ಮಾತು ಆಡುವಾಗ ನಿಜವಾಗಿಯೇ ಇರುತ್ತದೆ. ಮಂಡಿಗೆ ಹಾಕಿದ ಮೆಕ್ಕೆಜೋಳದ ಹಣ ಬಂದಿಲ್ಲವಾಗಿ ಖಾಲಿ ಕೈಯಲ್ಲಿ ಮುಖ ತೋರಿಸಲು ನಾಚಿ ಮರೆಯಾಗುತ್ತಾರೆ.

ಆದರೆ ಆ ಸುಳ್ಳನ್ನು ಅವನ ಬಾಯಿಂದ ಹೊರಡಿಸಿದವರು ಯಾರು? ಮಾರಾಟದ ತರಬೇತಿಯಲ್ಲಿ ಕಲಿಸುವ ಒಂದು ಉಪಾಯವುಂಟು. "ಬರಲೇ?" ಎಂದು ಕೇಳಬಾರದು, "ಗುರುವಾರ ಬರಲೋ, ಶುಕ್ರವಾರ ಬರಲೋ?" ಎಂದು ಕೇಳಬೇಕು. ನಿರಾಕರಣೆಯ ಬಾಗಿಲನ್ನು ಮುಚ್ಚಿ ಎರಡು ಒಪ್ಪಿಗೆಯ ಬಾಗಿಲುಗಳನ್ನು ಮಾತ್ರ ತೆರೆದಿಡುವ ಜಾಣತನವಿದು. ಮೃದುಸ್ವಭಾವದವನು ತಪ್ಪಿಸಿಕೊಳ್ಳಲು ಒಂದು ವಾರದ ಹೆಸರನ್ನು ಹೇಳುತ್ತಾನೆ. ಅದು ಮಾತಲ್ಲ, ಬಿಡುಗಡೆಯ ಶುಲ್ಕ. ಜೈನ ಕರ್ಮಸಿದ್ಧಾಂತದಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳಿಂದಲೂ ಪಾಪ ಅಂಟುತ್ತದೆ. ಶುಕ್ರವಾರದ ಆ ಅಸತ್ಯವು ಗ್ರಾಹಕನಿಗೆ ಕೃತವಾದರೆ ಪ್ರತಿನಿಧಿಗೆ ಕಾರಿತ. ಕಾದು ಕಾದು ಸಿಟ್ಟಾದವನು ತಾನೇ ಬಿತ್ತಿದ್ದರ ಫಸಲನ್ನು ನೋಡಿ ಬೇಸರಿಸುತ್ತಿದ್ದಾನೆ.

ಬಡಾವಣೆಗೆ ಯಾರ ಹೆಸರಿದೆಯೋ ಆ ವಿನೋಬಾ ಭಾವೆಯವರ ಜೀವನದಲ್ಲಿಯೂ ಇದಕ್ಕೆ ನಿದರ್ಶನವಿದೆ. 1951ರಲ್ಲಿ ಪೋಚಂಪಳ್ಳಿಯಲ್ಲಿ ಆರಂಭವಾದ ಭೂದಾನದ ಪಾದಯಾತ್ರೆಯಲ್ಲಿ ಲಕ್ಷಾಂತರ ಎಕರೆಗಳಿಗೆ ದಾನಪತ್ರಗಳು ಬಂದವು. ಅವುಗಳಲ್ಲಿ ಬಹಳಷ್ಟು ಭೂಮಿ ಭೂಹೀನರ ಕೈಗೆ ಸೇರಲೇ ಇಲ್ಲ. ಕೆಲವು ಬಂಡೆಗಲ್ಲಿನ ನೆಲ, ಕೆಲವು ವ್ಯಾಜ್ಯದ ನೆಲ, ಕೆಲವು ಸಭೆಯ ಎದುರಿನ ಸಂಕೋಚದಿಂದ ಆಡಿದ ಬರಿಯ ಮಾತು. ಕಮಿಷನ್ನಿನ ಸೋಂಕೂ ಇಲ್ಲದ ಸಂತನು ಕೇಳಿದಾಗಲೇ ಸಂಕೋಚದ ಮಾತು ಹೀಗೆ ಒಣಗಿತು. 1974ರಲ್ಲಿ ಜೈನ ಪಂಥಗಳೆಲ್ಲ ಸಮ್ಮತಿಸಿದ ಸಮಣಸುತ್ತಂ ಸಂಕಲನಕ್ಕೆ ಪ್ರೇರಕರಾಗಿ, 1982ರ ನವೆಂಬರ್ 15ರ ದೀಪಾವಳಿಯಂದು, ಮಹಾವೀರ ನಿರ್ವಾಣದ ದಿನವೇ, ಅನ್ನ ನೀರುಗಳನ್ನು ತೊರೆದು ದೇಹ ಬಿಟ್ಟ ಆ ಮಹನೀಯರ ಯಾಚನೆಯ ವಿಷಯದಲ್ಲಿಯೇ ಹೀಗಾದರೆ, ಕಂತಿನ ಲೆಕ್ಕ ಹಾಕುವವನ ಯಾಚನೆಯ ಪಾಡೇನು?

ಇದಕ್ಕೆ ಎದುರಾಗಿ ಬಲವಾದ ಆಕ್ಷೇಪವೊಂದಿದೆ, ಅದನ್ನು ಮುಚ್ಚಿಡಬಾರದು. ಮೂರು ಬಾರಿ ವೇಳೆ ತಪ್ಪಿಸಿದ ಮಂಡಿಯ ಹಮಾಲನೊಬ್ಬನು ನಾಲ್ಕನೆಯ ವಾರ ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡರೆ, ಅವನ ಹೆಂಡತಿ ಮಕ್ಕಳ ಕೈಯಲ್ಲಿ ಏನೂ ಉಳಿಯುವುದಿಲ್ಲ. "ಇನ್ನೂ ಒತ್ತಾಯಿಸಿದ್ದರೆ!" ಎಂಬ ಕೊರಗು ಪ್ರತಿನಿಧಿಯನ್ನು ಬಹುಕಾಲ ಬಿಡದು. ಆ ಕೊರಗು ಅನುಕಂಪೆಯಿಂದ ಹುಟ್ಟಿದ್ದು, ಅದನ್ನು ಅಲ್ಲಗಳೆಯುವುದು ಕ್ರೌರ್ಯ. ಆದ್ದರಿಂದ ನಾಲ್ಕನೆಯ ಬಾರಿ ಹೋಗುವುದು ತಪ್ಪಲ್ಲ. ಐದನೆಯ ಬಾರಿಯೂ ಅಲ್ಲ. ಹೇಗೆ ಕೇಳುತ್ತಾನೆ ಎಂಬುದರಲ್ಲಿ ಭೇದವಿದೆ. "ಬೇಡವೆಂದರೆ ಬೇಡವೆನ್ನಿ, ಅದರಿಂದ ನನಗೆ ಬೇಸರವಿಲ್ಲ, ಆದರೆ ಮಕ್ಕಳು ಚಿಕ್ಕವರು, ಒಮ್ಮೆ ಯೋಚಿಸಿ" ಎಂದವನು ಭಯವನ್ನು ಕಳೆದು ವಿಚಾರಕ್ಕೆ ಎಡೆ ಮಾಡಿಕೊಟ್ಟಂತಾಯಿತು. ಆಮೇಲೆಯೂ ಗ್ರಾಹಕನು ಸುಳ್ಳು ಹೇಳಿದರೆ ಅದು ಅವನೊಬ್ಬನದೇ.

"ನಿನ್ನೆ ನಿಮಗಾಗಿ ಒಂದು ಗಂಟೆ ಕಾದೆ, ಊಟವೂ ತಪ್ಪಿತು" ಎಂದು ಮರುದಿನ ಹೇಳುವುದು ಸತ್ಯವೇ. ಆದರೆ ಯಾವುದಕ್ಕಾಗಿ ಹೇಳುವುದು? ಎದುರಿನವನು ನಾಚಿ ಸಹಿ ಹಾಕಲೆಂದಾದರೆ ಉಪವಾಸವನ್ನು ಮಾರಾಟಕ್ಕಿಟ್ಟಂತಾಯಿತು. ನಾಚಿಕೆಯಿಂದ ಕೊಂಡ ವಿಮೆಯನ್ನು ಜನರು ಎರಡು ಮೂರು ಕಂತು ಕಟ್ಟಿ ಕೈಬಿಡುತ್ತಾರೆ. ಕಟ್ಟಿದ್ದರಲ್ಲಿ ಬಹುಪಾಲು ಹೋಗುತ್ತದೆ. ಕಮಿಷನ್ನಿನಲ್ಲಿ ಪಾಲು ಕೊಡುವೆನೆಂದು ಆಸೆ ತೋರಿಸಿ ಮನೆಯಲ್ಲಿ ಕೂರಿಸುವುದಂತೂ 1938ರ ವಿಮಾ ಕಾಯಿದೆಯ 41ನೆಯ ಕಲಮಿನಂತೆ ಅಪರಾಧವೇ ಆಗಿದೆ. ಬೆಳಿಗ್ಗೆ ದೂರವಾಣಿಯಲ್ಲಿ "ಸಂಜೆಯ ವೇಳೆ ನಿಮಗೆ ಅನುಕೂಲವೇ, ಬಿಟ್ಟುಬಿಡೋಣವೇ?" ಎಂದು ಒಮ್ಮೆ ಕೇಳಿದರೆ ಅರ್ಧಕ್ಕರ್ಧ ಕಾಯುವಿಕೆ ತಪ್ಪುತ್ತದೆ. ರಾತ್ರಿಭೋಜನ ತ್ಯಾಗವಿದ್ದವನು ಸೂರ್ಯಾಸ್ತದ ಹೊತ್ತಿಗೆ ವೇಳೆಯನ್ನು ಪಡೆಯದಿರುವುದೂ ವಿವೇಕ. ವ್ರತವನ್ನು ಕಾಪಾಡುವ ಹೊಣೆ ವ್ರತಿಯದು, ಗ್ರಾಹಕನದಲ್ಲ.

ವಿಮೆಯ ನಿಯಮಗಳೇ ಈ ವಿಷಯದಲ್ಲಿ ಪ್ರತಿನಿಧಿಗಿಂತ ಉದಾರವಾಗಿವೆ ಎನ್ನಬೇಕು. ವಾರ್ಷಿಕ ಕಂತಿನ ದಿನ ತಪ್ಪಿದರೆ 30 ದಿನ, ಮಾಸಿಕ ಕಂತಿಗೆ 15 ದಿನ ರಿಯಾಯಿತಿ ಅವಧಿಯಿದೆ. ಅದು ಮೀರಿದರೂ ಪುನರುಜ್ಜೀವನಕ್ಕೆ ಅವಕಾಶವಿದೆ. ವ್ರತಭಂಗವಾದವನಿಗೆ ಆಲೋಚನೆ, ಪ್ರತಿಕ್ರಮಣದಿಂದ ಮೊದಲಾಗಿ ಉಪಸ್ಥಾಪನದವರೆಗೆ ಪ್ರಾಯಶ್ಚಿತ್ತದ ಒಂಬತ್ತು ಮೆಟ್ಟಿಲುಗಳನ್ನು ಕಟ್ಟಿಕೊಟ್ಟ ಧರ್ಮದವರಿಗೆ ಇದು ಅಪರಿಚಿತ ಭಾವವಲ್ಲ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಇಂಥ ಪ್ರತಿನಿಧಿಯು ವೇಳೆ ತಪ್ಪಿಸಿದ ಗ್ರಾಹಕರ ಮನೆಗಳಿಗೂ ಹೋಗಬಹುದು. ಅವರು ಜೈನರಲ್ಲದಿದ್ದರೂ ಅಡ್ಡಿಯಿಲ್ಲ. ಅಂದು ಚೀಲವನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. ಬಾಗಿಲು ತೆರೆದವನು ಗಾಬರಿಯಿಂದ "ಪಾಲಿಸಿಯ ವಿಷಯ ಬರುವ ವಾರ ನೋಡೋಣ" ಎಂದೇ ಆರಂಭಿಸುತ್ತಾನೆ. ಅದಕ್ಕಾಗಿ ಬಂದದ್ದಲ್ಲವೆಂದು ಹೇಳಿ, ಶುಕ್ರವಾರದ ಮಾತನ್ನು ಬಲವಂತವಾಗಿ ಪಡೆದದ್ದಕ್ಕಾಗಿ ಕೈಮುಗಿದು, ಅಲ್ಲಿಂದ ಮುಂದಿನ ಮನೆಗೆ ನಡೆಯಬೇಕು.